ಗ್ರಾಂಟ್ ರೋಡಿನ ಓಣಿಗೆ ಎಳೆದ ಗೆರೆ

ಹರಿಹರದ ಸೇತುವೆಯಾಚೆ

ರೈಲು ಹರಿಹರದ ಸೇತುವೆ ದಾಟಿದ ಕೂಡಲೇ ನಾನು ಒಳಜೇಬು ಮುಟ್ಟಿ ನೋಡಿಕೊಂಡೆ. ತುಂಗಭದ್ರೆಯ ಈಚೆ ನಮ್ಮ ಮೈಸೂರು, ಆಚೆ ಮುಂಬಯಿ ಸರಕಾರ. ಹಡಗು ಹತ್ತದೆ ಪರದೇಶಕ್ಕೆ ಹೋಗುವುದು ಹೇಗೆಂದು ಯಾರಾದರೂ ಕೇಳಿದರೆ ತುಮಕೂರಿನಲ್ಲಿ ರೈಲು ಹತ್ತಿ ಎಂದು ಹೇಳುತ್ತೇನೆ. ಎದುರಿಗೆ ಕುಳಿತಿದ್ದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಬುತ್ತಿ ಬಿಚ್ಚಿ, "ರೊಟ್ಟಿ ತಗೋರಿ, ನಾಚಬ್ಯಾಡ್ರಿ" ಎಂದು ಮೂರು ಸಲ ಹೇಳಿದರು. ಮೂರು ಸಲ ಹೇಳಿದ್ದರಿಂದಲೇ ನನಗೆ ಅನುಮಾನ ಬಂತು. ರೈಲಿನಲ್ಲಿ ತಿಂಡಿ ಕೊಟ್ಟು ಎಚ್ಚರ ತಪ್ಪಿಸಿ ಪೆಟ್ಟಿಗೆ ಹೊತ್ತೊಯ್ಯುವವರ ಕತೆಗಳನ್ನು ನಾನು ಬಲ್ಲೆ. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ, ಶೇಂಗಾ ಚಟ್ನಿಯ ವಾಸನೆಯನ್ನಷ್ಟೇ ಸೇವಿಸಿದೆ. ಹುಬ್ಬಳ್ಳಿಯಲ್ಲಿ ಇಳಿಯುವಾಗ ಆತ ನನ್ನ ಪೆಟ್ಟಿಗೆಯನ್ನು ತಾನೇ ಒಳಕ್ಕೆ ಸರಿಸಿ, "ಬಾಗಲ ಕಡೆ ಇಡಬ್ಯಾಡ್ರಿ, ಕಳ್ಳರಿರ್ತಾರ" ಎಂದು ಹೇಳಿ ಹೋದರು. ನಾನು ಬೆಳಗಾವಿಯವರೆಗೆ ಹಸಿದುಕೊಂಡೇ ಹೋದೆ.

ನನ್ನ ಸ್ವಭಾವವೇ ಹಾಗೆ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತನಾದವನು ನಾನು. ಗಡಿಕಲ್ಲುಗಳು ಒಂದು ಮಳೆಗಾಲದಲ್ಲಿ ಹತ್ತು ಮಾರು ನಡೆದು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಮನುಷ್ಯರನ್ನು ನಂಬುವ ಅಭ್ಯಾಸ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಬಿಟ್ಟುಹೋಯಿತು.

ಈ ಪ್ರಯಾಣಕ್ಕೆ ಕಾರಣ ನನ್ನ ತಂಗಿ ರುಕ್ಮಿಣಿಯ ಕಾಗದ. ಅವಳು ಮುಂಬಯಿಯ ಗ್ರಾಂಟ್ ರೋಡಿನ ಒಂದು ಚಾಳಿನಲ್ಲಿ ಹದಿನೆಂಟು ವರ್ಷದಿಂದ ಇದ್ದಾಳೆ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. ಅಲ್ಲಿನ ಮುನಿಸಿಪಾಲಿಟಿ ಶಾಲೆಯಲ್ಲಿ ಕನ್ನಡದ್ದು ಒಂದೇ ವರ್ಗವಿದೆ, ಅದಕ್ಕೆ ಅವಳೇ ಟೀಚರು. ಕಾಗದದಲ್ಲಿ ಹೀಗಿತ್ತು: "ಅಣ್ಣಯ್ಯ, ಹೊಸ ಮತಕ್ಷೇತ್ರಗಳ ಗಡಿ ಗುರುತಿಸುತ್ತಿದ್ದಾರೆ. ನಮ್ಮ ಓಣಿಯ ನಟ್ಟನಡುವೆ ಗೆರೆ ಹಾದಿದೆ. ಎರಡು ಚಾಳು ಆ ಕಡೆ, ಎರಡು ಈ ಕಡೆ. ಕನ್ನಡದವರ ಮತ ಒಟ್ಟಿಗಿದ್ದಾಗ ಶಾಸಕರು ಬಂದು ಕೈಮುಗಿದರು, ಮುಚ್ಚಬೇಕಾಗಿದ್ದ ನಮ್ಮ ವರ್ಗ ಅವರ ಒಂದು ಮಾತಿನಿಂದ ಉಳಿಯಿತು. ಇನ್ನು ಒಡೆದುಹೋದರೆ ನಮ್ಮನ್ನು ಯಾರೂ ಕೇಳುವುದಿಲ್ಲ. ಕಮಿಷನ್ನಿನವರು ಆಕ್ಷೇಪಣೆ ಕೇಳುತ್ತಾರಂತೆ. ಆಕ್ಷೇಪಣೆಗೆ ನಕ್ಷೆ ಬೇಕು. ನಿನ್ನ ಸರಪಳಿ, ಸಾಮಾನು ತೆಗೆದುಕೊಂಡು ಕೂಡಲೇ ಹೊರಟು ಬಾ."

ವರ್ಗ ಮುಚ್ಚಿದರೆ ರುಕ್ಕು ನಮ್ಮಲ್ಲಿಗೆ ಬಂದುಬಿಡುತ್ತಾಳೆ, ಬರಲಿ, ಅದರಲ್ಲೇನು ಎಂದು ನನ್ನ ಹೆಂಡತಿ ಅಂದಳು. ನನಗೂ ಹಾಗೇ ಅನ್ನಿಸಿತು. ಹಾಗಿದ್ದರೂ ಪೆಟ್ಟಿಗೆ ಕಟ್ಟಿದೆ. ಗೆರೆ ತಪ್ಪಾಗಿದೆ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ.

ಬೋರಿಬಂದರ್

ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿಯ ಬೋರಿಬಂದರ್ ನಿಲ್ದಾಣದಲ್ಲಿ ಇಳಿದೆ. ಇಳಿದ ಹತ್ತು ನಿಮಿಷದೊಳಗೆ ದಾರೂಬಂದಿಯ ಪೊಲೀಸಿನವನೊಬ್ಬ ನನ್ನನ್ನು ತಡೆದ. ಈ ರಾಜ್ಯದಲ್ಲಿ ಹೆಂಡ ಮುಟ್ಟುವಂತಿಲ್ಲ, ಹೊರಗಿನಿಂದ ಬರುವವರ ಗಂಟುಮೂಟೆ ಮೇಲೆ ಅವರಿಗೆ ಕಣ್ಣು. ಪೆಟ್ಟಿಗೆ ತೆರೆಸಿದ. ಅಳತೆಯ ಸರಪಳಿ ಗಲಗಲ ಎಂದು ಸುರಿಯಿತು. ಅದನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದ. ಆಮೇಲೆ ನಕ್ಷೆಯ ಕಪ್ಪು ಶಾಯಿಯ ಎರಡು ಸೀಸೆ ಸಿಕ್ಕವು.

"ಯೇ ಕ್ಯಾ ಹೈ?"

"ಶಾಯಿ" ಎಂದೆ.

ನಾನು ಹುಬ್ಬಳ್ಳಿಯವರ ರೊಟ್ಟಿಯನ್ನು ನಂಬಿದ್ದಷ್ಟೇ ಅವನು ನನ್ನ ಮಾತನ್ನು ನಂಬಿದ. ಬಿರಡೆ ತೆಗೆದು ಮೂಸಿ, ಬೆರಳು ಅದ್ದಿ, ಆಮೇಲೆ ಆ ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ನಿಂತ. ಅಷ್ಟರಲ್ಲಿ ಕರೀ ಟೋಪಿ, ಉದ್ದ ಕೋಟಿನ ಒಬ್ಬ ಗೃಹಸ್ಥರು ಗುಂಪಿನೊಳಗಿಂದ ನುಗ್ಗಿ ಬಂದು ಮರಾಠಿಯಲ್ಲಿ ಅವನನ್ನು ಸಮಾಧಾನ ಮಾಡಿದರು.

"ನಮಸ್ಕಾರ್ರಿ ರಾಯರ. ನಾ ದೇಸಾಯಿ, ಧಾರವಾಡದಾಂವ. ರುಕ್ಮಿಣಿಬಾಯಾರ ಬಾಜೂ ರೂಮು. ಪರದೇಶಕ್ಕ ಬಂದಂಗ ಆತೇನು? ನಮಗೇನೂ ಇದು ಪರದೇಶ ಅಲ್ಲ ಬಿಡ್ರಿ, ಧಾರವಾಡನೂ ಇದs ಸರಕಾರದ್ದು."

ಬಟ್ಟೆ ಪೇಟೆಯಲ್ಲಿ ಗುಮಾಸ್ತರಂತೆ. ಚಾಳಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿಯಂತೆ. ಕೆಲಸದ ದಿನ ಕಚೇರಿ ಬಿಟ್ಟು ಗುರುತಿಲ್ಲದ ನನ್ನನ್ನು ಎದುರುಗೊಳ್ಳಲು ಬಂದಿದ್ದರು. ಇಷ್ಟೊಂದು ಒಳ್ಳೆಯತನಕ್ಕೆ ಏನೋ ಕಾರಣವಿರಬೇಕು ಎಂದು ಟ್ರಾಮಿನಲ್ಲಿ ಕುಳಿತಾಗಿನಿಂದ ಯೋಚಿಸುತ್ತ ಬಂದೆ.

ಗ್ರಾಂಟ್ ರೋಡ್

ಚಾಳು ಎಂದರೆ ನಾಲ್ಕು ಮಹಡಿಯ ಕಟ್ಟಡ. ಮಹಡಿಗೊಂದು ಉದ್ದನೆಯ ಗ್ಯಾಲರಿ, ಗ್ಯಾಲರಿಯುದ್ದಕ್ಕೂ ಸಾಲಾಗಿ ಒಂದೊಂದೇ ರೂಮು. ಒಂದು ರೂಮಿನಲ್ಲಿ ಒಂದು ಸಂಸಾರ, ಕೆಲವು ರೂಮುಗಳಲ್ಲಿ ಬರಿಯ ಗಂಡಸರೇ ಹನ್ನೊಂದು ಹನ್ನೆರಡು ಜನ, ಪಾಳಿಯ ಮೇಲೆ ಮಲಗುವವರು. ನಳ ಬೆಳಗಿನ ಜಾವಕ್ಕೆ ಬರುತ್ತದೆ, ಎರಡು ತಾಸಿಗೆ ಹೋಗುತ್ತದೆ. ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಬಾಗಿಲುಗಳು. ತುಮಕೂರಿನಲ್ಲಿ ನಾವು ಹಗಲಲ್ಲೂ ಅಗಳಿ ಹಾಕಿಕೊಳ್ಳುತ್ತೇವೆ. ಇಲ್ಲಿ ಇಡೀ ಗ್ಯಾಲರಿಯ ಬಾಗಿಲುಗಳೆಲ್ಲ ಹಾರುಹೊಡೆದಿರುತ್ತವೆ, ಒಂದು ಪರದೆ ಅಷ್ಟೆ. ಯಾರ ಮನೆಯಲ್ಲಿ ಏನು ಒಗ್ಗರಣೆ ಎಂದು ಮೂರನೆಯ ಮಹಡಿಗೆ ಗೊತ್ತು. ಮೊದಲ ದಿನ ನಾನು ರುಕ್ಕುವಿನ ಬಾಗಿಲನ್ನು ಮುಚ್ಚಿದ್ದಕ್ಕೆ ಮೂರು ಜನ ಬಂದು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದರು.

ರುಕ್ಕು ಕೃಶಳಾಗಿದ್ದಳು, ಆದರೆ ಧ್ವನಿ ಗಟ್ಟಿಯಾಗಿತ್ತು. ಕಾಫಿ ಕೊಟ್ಟು ಎದುರಿಗೆ ಕುಳಿತಳು.

"ಅತ್ತಿಗೆ ಹೇಗಿದ್ದಾರೆ ಅಣ್ಣಯ್ಯ? ಮುಂದಿನ ಕೋಣೆಯ ಬಾಡಿಗೆಯವರು ಇನ್ನೂ ಇದಾರಾ?"

"ಇದಾರೆ" ಎಂದೆ.

ಆ ಕೋಣೆಯ ವಿಷಯ ಇಲ್ಲಿ ಹೇಳಿಬಿಡಬೇಕು. ಗಂಡ ಸತ್ತ ಮೇಲೆ ರುಕ್ಕು ನಮ್ಮಲ್ಲಿ ಮೂರು ತಿಂಗಳು ಇದ್ದಳು, ಅದೇ ಕೋಣೆಯಲ್ಲಿ. ಮುಂಬಯಿಯಿಂದ ಶಾಲೆಯ ಕೆಲಸದ ಕಾಗದ ಬಂತು, ಹೋದಳು. ಮರು ತಿಂಗಳೇ ಕೋಣೆಯನ್ನು ಬಾಡಿಗೆಗೆ ಕೊಟ್ಟೆ. ಅವಳಾಗಿಯೇ ಹೋದಳು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳೇನೂ ಅಲ್ಲ.

ಅಂದು ಸಾಯಂಕಾಲ ದೇಸಾಯರು ಕಮಿಷನ್ನಿನ ಕರಡು ನಕ್ಷೆಯನ್ನು ತಂದು ಹಾಸಿದರು. ನೋಡಿದರೆ ಗೆರೆ ನಿಜವಾಗಿಯೂ ಓಣಿಯ ಮಧ್ಯದಲ್ಲೇ ಹಾದಿತ್ತು. ಐವತ್ತು ಮಾರು ಪೂರ್ವಕ್ಕೆ ಅಗಲವಾದ ಟ್ರಾಮ್ ರಸ್ತೆ ಇದೆ. ಗೆರೆ ಎಳೆಯಲು ಅಂಥ ರಸ್ತೆ ಬಿಟ್ಟು ಎರಡು ಗಾಡಿ ಎದುರುಬದುರು ಹಾಯದ ಓಣಿಗೆ ಯಾಕೆ ಬರಬೇಕು? ನನಗೆ ಮೈಯೆಲ್ಲ ಉತ್ಸಾಹ ಬಂತು. ಇದರಲ್ಲಿ ಯಾರದೋ ಕೈವಾಡವಿದೆ ಅಂದುಕೊಂಡೆ.

"ಕಮಿಷನ್ನಿನಾಗ ಜಡ್ಜರು ಇರ್ತಾರ್ರಿ, ಖರೆ" ಎಂದರು ದೇಸಾಯರು. "ಆದ್ರ ಅವರ ಬಾಜೂಕ ಶಾಸಕರು ಕುಂದರ್ತಾರ. ಸಲಹಾ ಕೊಡಾಕಂತ."

"ನಾಳೆ ಅಲ್ಲೇ ನಿಲ್ಲುವವರು ಇವತ್ತು ಗೆರೆಗೆ ಸಲಹೆ ಕೊಡುತ್ತಾರೋ?"

"ಅದನ್ನs ನಾನೂ ಹೇಳೂದು ನೋಡ್ರಿ" ಎಂದು ಅವರು ತೊಡೆ ತಟ್ಟಿದರು. ಅವರು ಅಷ್ಟು ಬೇಗ ಒಪ್ಪಿಕೊಂಡದ್ದು ನನಗೆ ಸೇರಲಿಲ್ಲ.

ಓಣಿ ಅಳೆದ ದಿನ

ಮರುದಿನ ಭಾನುವಾರ. ಸರಪಳಿಯ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ದೇಸಾಯರು ಕೋಟು ಟೋಪಿ ಸಮೇತ ಹಿಡಿದರು. ಓಣಿಗೆ ಓಣಿಯೇ ಹೆದರಿಹೋಯಿತು. ಗುಜರಾತಿ ಅಂಗಡಿಯವನು ರಸ್ತೆಗೆ ಚಾಚಿದ್ದ ಹಲಗೆಯನ್ನು ಒಳಗೆಳೆದುಕೊಂಡ. ಮೇಲಿನಿಂದ ಯಾರೋ ಒಣಗಿದ ಸೀರೆಗಳನ್ನು ಸರಸರ ಎತ್ತಿಕೊಂಡರು. ಮರಾಠಿ ಮುದುಕನೊಬ್ಬ ರಸ್ತೆ ಅಗಲ ಮಾಡುತ್ತೀರಾ ಎಂದು ಕೇಳಿ, ಇಲ್ಲ ಎಂದರೆ ನಂಬದೆ, ನಮ್ಮ ಹಿಂದೆಯೇ ಕೊನೆಯವರೆಗೆ ಬಂದ. ಊರಿನಲ್ಲಿ ನಾನು ಸರಪಳಿ ತಂದರೆ ಜನ ಗಡಿ ತೋರಿಸಲು ಮುಂದೆ ಬೀಳುತ್ತಾರೆ, ಇದು ನಂದು ಅದು ನಂದು ಎಂದು ಬಡಿದಾಡುತ್ತಾರೆ. ಇಲ್ಲಿ ಕನ್ನಡದವರ ಬಾಗಿಲಿಗೆ ಹೋಗಿ ರೂಮಿನಲ್ಲಿ ಎಷ್ಟು ಜನ ಎಂದರೆ ಒಂದೇ ಉತ್ತರ.

"ನಾವು ಇಲ್ಲಿಯವರಲ್ರಿ. ನಮ್ಮದು ಬೆಳಗಾವಿ ಕಡೆ."

"ನಾವ್ ಬಿಜಾಪುರದಾವ್ರು. ಹಿಂಗs ದುಡಿಯಾಕ ಬಂದೀವಿ."

ಹೀಗೆ ಬಂದು ಎಷ್ಟು ವರ್ಷವಾಯಿತು ಎಂದರೆ ಒಬ್ಬ ಇಪ್ಪತ್ತು ಎಂದ, ಇನ್ನೊಬ್ಬ ಇಲ್ಲೇ ಹುಟ್ಟಿದವನು. ಆಗ ನಾನು ಇದನ್ನು ತಮಾಷೆ ಎಂದುಕೊಂಡೆ. ಹೇಗೋ ಬಾಗಿಲು ಬಾಗಿಲು ಸುತ್ತಿ ತಲೆ ಎಣಿಸಿದೆ. ಸಂಜೆ ದೇಸಾಯರು ತಂದಿದ್ದ ಜನಗಣತಿಯ ಪಟ್ಟಿಯ ಜೊತೆ ಹೋಲಿಸಿದರೆ, ನಾನು ಎಣಿಸಿದವರ ಅರ್ಧದಷ್ಟೂ ಪಟ್ಟಿಯಲ್ಲಿ ಇರಲಿಲ್ಲ. ಪೂರ್ವದ ಕ್ಷೇತ್ರಕ್ಕೆ ಜನ ಕಡಿಮೆ ಬಿದ್ದಿದ್ದಾರೆಂದು ನಮ್ಮ ಎರಡು ಚಾಳನ್ನು ಕಿತ್ತು ಅಲ್ಲಿಗೆ ಸೇರಿಸಿದ್ದರು. ನನ್ನ ಎಣಿಕೆ ಹಿಡಿದರೆ ಆ ಎರಡು ಚಾಳು ಸೇರಿ ಪೂರ್ವಕ್ಕೆ ಜನ ಹೆಚ್ಚೇ ಆಗಿಬಿಡುತ್ತಾರೆ, ಗೆರೆಯ ಲೆಕ್ಕವೇ ಸುಳ್ಳಾಗುತ್ತದೆ. ಅಂದರೆ ಪಟ್ಟಿಯಿಂದ ಅರ್ಧ ಓಣಿಯನ್ನೇ ಯಾರೋ ನುಂಗಿದ್ದಾರೆ. ನನಗೆ ಆ ದಿನದಷ್ಟು ಸಂತೋಷ ನಿವೃತ್ತಿಯಾದ ಮೇಲೆ ಆಗಿರಲಿಲ್ಲ.

ನಕ್ಷೆಯ ಪೆನ್ಸಿಲ್ ಗೆರೆ ಹಾಕುವಾಗ ದೇಸಾಯರು ಪಕ್ಕದಲ್ಲೇ ಕುಳಿತರು. ಗೆರೆಯನ್ನು ಟ್ರಾಮ್ ರಸ್ತೆಗೆ ಸರಿಸಿದರೆ ನಾಲ್ಕು ಚಾಳೂ ಒಂದಾಗುತ್ತವೆ, ಜೊತೆಗೆ ಓಣಿಯ ತುದಿಯಲ್ಲಿರುವ ಗಿರಣಿ ಕೆಲಸಗಾರರ ಚಾಳೂ ಒಳಗೆ ಬರುತ್ತದೆ.

"ರಾಯರ, ಅಲ್ಲಿ ಒಂದಿಷ್ಟು ಗೆರಿ ಒಳಗ ತಗೊಂಡ್ರ ಹೆಂಗ? ಆ ಗಿರಣಿ ಚಾಳ ಹೊರಗ ಉಳೀಲಿ."

"ನೆಟ್ಟಗೆ ಬರುವ ಗೆರೆ ಅಲ್ಲಿ ಯಾಕೆ ಸೊಂಟ ತಿರುಗಿಸಬೇಕು?"

"ಅವರೆಲ್ಲಾ ಬ್ಯಾರೆ ಪಾರ್ಟಿ ಮಂದಿ."

ಬೋರಿಬಂದರಿನ ಒಳ್ಳೆಯತನಕ್ಕೆ ಕಾರಣ ಸಿಕ್ಕಿತು. "ದೇಸಾಯರೇ, ನೀವು ಚುನಾವಣೆಗೆ ನಿಲ್ಲುತ್ತೀರಾ?" ಎಂದೆ. ಅವರು ಟೋಪಿ ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಂಡರು. "ಮಂದಿ ಒತ್ತಾಯ ಮಾಡಾಕತ್ಯಾರ" ಎಂದರು. ಯಾವ ಮಂದಿ ಎಂದು ನಾನು ಕೇಳಲಿಲ್ಲ. ಗೆರೆಯನ್ನು ನೆಟ್ಟಗೇ ಎಳೆದೆ.

ಸಾಂತಾಕ್ರೂಜ್

ಪಟ್ಟಿಯಲ್ಲಿ ಮೋಸವಿದ್ದರೆ ಅದನ್ನು ಬಲ್ಲವರು ಹೇಳಬೇಕು. ಅಂಕಿಅಂಶದ ಕಚೇರಿಯಲ್ಲಿದ್ದು ನಿವೃತ್ತರಾದ ಬೆಂಗಳೂರಿನ ಮೂರ್ತಿಗಳು ಎಂಬವರು ಸಾಂತಾಕ್ರೂಜಿನಲ್ಲಿದ್ದಾರೆಂದು ರುಕ್ಕು ವಿಳಾಸ ಕೊಟ್ಟಳು. ಒಬ್ಬನೇ ಲೋಕಲ್ ಹತ್ತಿದೆ. ಪಕ್ಕದಲ್ಲಿದ್ದ ಪಾರ್ಸಿ ಮುದುಕರು ನನ್ನ ಟಿಕೆಟ್ಟು ನೋಡಿ, ಇದು ಫಾಸ್ಟ್ ಗಾಡಿ, ಸಾಂತಾಕ್ರೂಜಿನಲ್ಲಿ ನಿಲ್ಲುವುದಿಲ್ಲ, ದಾದರಿನಲ್ಲಿ ಇಳಿದುಬಿಡಿ ಎಂದರು. ಇವರಿಗೆ ನನ್ನ ಕಿಟಕಿ ಸೀಟಿನ ಮೇಲೆ ಕಣ್ಣು ಎಂದು ಗಟ್ಟಿಯಾಗಿ ಕುಳಿತೆ. ಸಾಂತಾಕ್ರೂಜ್ ಎಂಬ ಬೋರ್ಡು ಕಣ್ಣ ಮುಂದೆಯೇ ಹಾರಿಹೋಯಿತು. ಮುದುಕರು ಅಂಧೇರಿಯಲ್ಲಿ ನನ್ನ ಜೊತೆ ಇಳಿದು, ಹಿಂದಕ್ಕೆ ಹೋಗುವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ತೋರಿಸಿ ಹೋದರು.

ಮೂರ್ತಿಗಳು ಪಟ್ಟಿಯನ್ನೂ ನಕ್ಷೆಯನ್ನೂ ಅರ್ಧ ಗಂಟೆ ನೋಡಿದರು. ಅವರ ಮನೆಯ ಸುತ್ತ ತೆಂಗಿನ ಮರಗಳು, ತಲೆಯ ಮೇಲೆ ಆಗಾಗ ವಿಮಾನದ ಸದ್ದು.

"ರಾಯರೇ, ನೀವು ಕಳ್ಳನ್ನ ಹುಡುಕ್ಕೊಂಡು ಬಂದಿದೀರಿ. ಈ ಪಟ್ಟಿ ಪ್ರಕಾರ ಗೆರೆ ಸರಿಯಾಗೇ ಇದೆ. ಎರಡೂ ಕಡೆ ತಲೆ ಸಮ ಬರಬೇಕು ಅಂತ ಓಣಿಗೆ ಬಂದಿದಾರೆ."

"ಪಟ್ಟಿಯೇ ಸುಳ್ಳಲ್ಲವೇ?"

"ಎಣಿಸೋಕೆ ಬಂದೋನು ಮನೇಲಿ ಇರೋರನ್ನ ಬರ್ಕೋತಾನೆ. ಬಂದುಹೋಗೋ ನೆಂಟರನ್ನ ಬಿಡ್ತಾನೆ, ಅವರ ಊರಲ್ಲಿ ಅವರನ್ನ ಎಣಿಸಿರ್ತಾರೆ ಅಂತ. ನಿಮ್ಮ ಓಣಿಯವರು ಅವನಿಗೆ ಏನು ಹೇಳಿದ್ರು, ಮೊದಲು ಅದನ್ನ ಕೇಳಿ."

ನನಗೆ ಭಾನುವಾರ ಬಾಗಿಲು ಬಾಗಿಲಿನಲ್ಲಿ ಕೇಳಿದ ಉತ್ತರ ನೆನಪಾಯಿತು. ಮಾತು ಬದಲಿಸಿ, ಹಾಗಾದರೆ ಜಡ್ಜರ ಪಕ್ಕ ಕೂರುವ ಶಾಸಕರ ಕತೆ ಏನು ಎಂದು ಕೇಳಿದೆ.

"ಮಾತಾಡಬಹುದು, ಅವರಿಗೆ ವೋಟಿಲ್ಲ."

"ಕಿವಿಗೆ ಹತ್ತಿರ ಕೂತವನಿಗೆ ವೋಟು ಯಾಕೆ ಬೇಕು? ರಾಜ್ಯ ರಾಜ್ಯಕ್ಕೂ ಒಂದು ಕಮಿಷನ್ ಇರಲಿ. ಅದರಲ್ಲಿ ಚುನಾವಣೆಗೆ ನಿಂತವರು, ನಿಲ್ಲುವವರು, ಅವರ ನೆಂಟರು ಯಾರೂ ಇರಬಾರದು."

"ಅರ್ಜಿಯಲ್ಲಿ ಬರೀರಿ, ಒಳ್ಳೇ ಮಾತು" ಎಂದು ಮೂರ್ತಿಗಳು ನಕ್ಕರು. "ಆದರೆ ಯಾವ ಕಡೆಗೂ ಆಸೆ ಇಲ್ಲದೋರು ಒಂದು ಮೂರು ಜನ ನಿಮ್ಮ ಕಣ್ಣಿಗೆ ಬಿದ್ರೆ ನನಗೂ ತೋರಿಸಿ."

ಮತ್ತೆ ಗ್ರಾಂಟ್ ರೋಡ್

ರುಕ್ಕುವಿನ ಇನ್ನೊಂದು ಪಕ್ಕದ ರೂಮಿನಲ್ಲಿ ಗಂಗವ್ವ ಎಂಬ ಬಿಜಾಪುರದ ಮುದುಕಿ ಇದ್ದಳು. ಮಗ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಹಮಾಲಿ ಮಾಡುತ್ತಾನೆ. ಎಣಿಸಲು ಬಂದವನಿಗೆ ಏನು ಹೇಳಿದೆಯಮ್ಮ ಎಂದು ಅವಳನ್ನೇ ಮೊದಲು ಕೇಳಿದೆ.

"ಏನ್ ಹೇಳ್ಬೇಕ್ರಿ? ನಮ್ದು ಇಲ್ಲೇನ್ ಐತ್ರಿ? ಮನಿ ಊರಾಗ ಐತಿ, ಹೊಲ ಊರಾಗ ಐತಿ, ದೇವರು ಊರಾಗ ಅದಾನ. ನಾವ್ ಬಂದ್‌ಹೋಗೋ ಮಂದಿ, ಬರ್ಕೋಬ್ಯಾಡಪ್ಪ ಅಂದೆ. ಬಿಟ್ಟ."

"ಊರಿಗೆ ಹೋಗಿ ಎಷ್ಟು ವರ್ಷವಾಯಿತು?"

ಅವಳು ಬೆರಳು ಮಡಚಿ ಎಣಿಸಲು ತೊಡಗಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ನಾನೇ ಸಾಕು ಎಂದೆ. ಗ್ಯಾಲರಿಯುದ್ದಕ್ಕೂ ಕೇಳಿದೆ. ಎಲ್ಲರೂ ಅದನ್ನೇ ಹೇಳಿದ್ದರು. ಮತದಾರರ ಪಟ್ಟಿಗೆ ಸಂಘದವರೇ ಇವರ ಹೆಸರು ಸೇರಿಸಿದ್ದರಂತೆ, ಜನಗಣತಿಯವನಿಗೆ ಉತ್ತರ ಕೊಟ್ಟವರು ಮಾತ್ರ ಇವರೇ. ಇಲ್ಲಿ ಹೆಸರು ಬರೆಸಿದರೆ ಊರಿನ ಹೆಸರು ಹೋಗುತ್ತದೆಂದು ಕೆಲವರಿಗೆ ಹೆದರಿಕೆ, ಊರು ಬಿಟ್ಟವರು ಅನ್ನಿಸಿಕೊಳ್ಳುವುದು ಕೆಲವರಿಗೆ ಅವಮಾನ. ಯಾವ ಕಳ್ಳನೂ ಓಣಿಯನ್ನು ನುಂಗಿರಲಿಲ್ಲ, ಓಣಿಯೇ ತನ್ನನ್ನು ತಾನು ಅಳಿಸಿಹಾಕಿಕೊಂಡಿತ್ತು. ದೇಸಾಯರು ಕೂಡ ಧಾರವಾಡದ ಮನೆಯಲ್ಲೇ ಹೆಸರು ಬರೆಸಿದ್ದರು.

ರುಕ್ಕು ಒಬ್ಬಳು ಓದಿದವಳು, ಟೀಚರು. ಅವಳಾದರೂ ಸರಿಯಾಗಿ ಹೇಳಿರಬೇಕು ಅಂದುಕೊಂಡೆ.

"ನೀನೇನು ಹೇಳಿದೆ ರುಕ್ಕು?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ತುಮಕೂರು ಅಂದೆ ಅಣ್ಣಯ್ಯ."

ಕೆಲಸ ಕೆಟ್ಟಿತಲ್ಲ ಎಂದು ಬೈಯಬೇಕಾಗಿತ್ತು, ಆದರೆ ಒಳಗೊಳಗೇ ನನಗೆ ಹಿತವಾಯಿತು. ನನ್ನ ಮನೆಯನ್ನೇ ತನ್ನ ಮನೆ ಎಂದಳಲ್ಲ ಎಂದು ಹೆಮ್ಮೆಪಟ್ಟುಕೊಂಡೆ. ವರ್ಗ ಮುಚ್ಚಿದರೆ ಬಂದೇ ಬರುತ್ತಾಳೆ, ನಕ್ಷೆ ಸೋತರೂ ನಷ್ಟವೇನಿಲ್ಲ ಎಂದೂ ಅನ್ನಿಸಿತು. ಆಸೆ ಇಲ್ಲದ ಮೂರು ಜನರಲ್ಲಿ ನಾನೊಬ್ಬನೆಂದು ಸಾಂತಾಕ್ರೂಜಿನಿಂದ ಬರುವಾಗ ಭಾವಿಸಿಕೊಂಡಿದ್ದೆ. ಆ ಎಣಿಕೆಯೂ ತಪ್ಪಾಯಿತು.

ಕಮಿಷನ್ನಿನ ಮುಂದೆ

ಆಕ್ಷೇಪಣೆ ಕೇಳಿದ್ದು ಫೋರ್ಟ್ ಭಾಗದ ಒಂದು ಹಳೆಯ ಕಟ್ಟಡದ ಸಭಾಂಗಣದಲ್ಲಿ. ಉದ್ದ ಮೇಜಿನ ನಡುವೆ ಬಿಳಿ ಹುಬ್ಬಿನ ಜಡ್ಜರು ಕುಳಿತಿದ್ದರು. ಎರಡೂ ಪಕ್ಕದಲ್ಲಿ ಶಾಸಕರು ಇದ್ದರು. ಅವರಲ್ಲೊಬ್ಬರು ಆಗಾಗ ಜಡ್ಜರ ಕಿವಿಗೆ ಬಾಗುತ್ತಿದ್ದರು. ನಾನು ಅವರ ತುಟಿಗಳನ್ನೇ ನೋಡುತ್ತ ಕುಳಿತೆ, ಏನೂ ತಿಳಿಯಲಿಲ್ಲ. ನಮ್ಮ ಓಣಿಯಿಂದ ನಲವತ್ತು ಜನ ಬಂದು ಹಿಂದಿನ ಬೆಂಚುಗಳಲ್ಲಿ ತುಂಬಿಕೊಂಡಿದ್ದರು. ಕನ್ನಡದ ಮಾತನ್ನು ಇಂಗ್ಲಿಷಿಗೆ ಹೇಳಲು ಬೆಳಗಾವಿಯ ಒಬ್ಬ ಗುಮಾಸ್ತರು ಇದ್ದರು.

ದೇಸಾಯರು ಅರ್ಜಿಯನ್ನು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಓದಿದರು. ಕೊನೆಗೆ ನನ್ನ ಮಾತು ಬಂತು: ರಾಜ್ಯಕ್ಕೆ ಒಂದು ಶಾಶ್ವತ ಕಮಿಷನ್ ಬೇಕು, ಗೆರೆ ಎಳೆಯುವವರು ಚುನಾವಣೆಗೆ ನಿಲ್ಲುವವರಾಗಿರಬಾರದು. ಶಾಸಕರು ಕುರ್ಚಿಯಲ್ಲಿ ಸರಿದು ಕುಳಿತರು. ಜಡ್ಜರು ಕನ್ನಡಕ ತೆಗೆದು ಕೇಳಿದರು, "ತಾವು ಚುನಾವಣೆಗೆ ನಿಲ್ಲುತ್ತೀರಾ?"

ದೇಸಾಯರು ಕಾಗದದ ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ಎಂದು ತಿರುವಿ ನೋಡಿದರು. ಏನೂ ಬರೆದಿರಲಿಲ್ಲ.

ಆಮೇಲೆ ನಕ್ಷೆ. ಯಾರು ಮಾಡಿದ್ದು ಎಂದರು, ಎದ್ದು ನಿಂತೆ. ಈ ಓಣಿಯಲ್ಲಿ ವಾಸವೇ ಎಂದರು, ಇಲ್ಲ ಎಂದೆ. ಈ ಗೆರೆ ಇತ್ತ ಹೋದರೂ ಅತ್ತ ಹೋದರೂ ನಿಮಗೆ ಲಾಭನಷ್ಟ ಇಲ್ಲವಷ್ಟೆ ಎಂದರು. "ಇಲ್ಲ ಸ್ವಾಮಿ" ಎಂದು ಹೇಳಿದೆ. ಹಿಂದಿನ ಬೆಂಚಿನಲ್ಲಿ ರುಕ್ಕು ಕುಳಿತಿದ್ದಳು, ಅತ್ತ ತಿರುಗಲಿಲ್ಲ.

ಜಡ್ಜರು ಹೇಳಿದರು, ಜನಗಣತಿಯ ಅಂಕಿಯನ್ನು ತಿದ್ದುವ ಅಧಿಕಾರ ತಮಗಿಲ್ಲ. ಆದರೆ ಇಷ್ಟೊಂದು ಜನ ಪಟ್ಟಿಯಿಂದ ಬಿಟ್ಟುಹೋದದ್ದು ಹೇಗೆಂದು ತಿಳಿಯಬೇಕು. ಬಿಟ್ಟುಹೋದವರಲ್ಲಿ ಯಾರಾದರೂ ಮಾತಾಡಲಿ. ಗಂಗವ್ವನನ್ನು ಎಲ್ಲರೂ ಸೇರಿ ಮುಂದೆ ತಳ್ಳಿದರು. ಮನೆ ಎಲ್ಲಿ ಎಂದು ಗುಮಾಸ್ತರು ಕೇಳಿದರು.

"ಬಿಜಾಪುರ ಬಾಜೂಕ್ರಿ" ಎಂದಳು ಗಂಗವ್ವ, ಸೆರಗು ಸರಿಮಾಡಿಕೊಂಡು. ದೇಸಾಯರು ಹಣೆಗೆ ಕೈ ಹಚ್ಚಿಕೊಂಡರು. ಮೇಜಿನಾಚೆ ಶಾಸಕರು ನಕ್ಕರು. ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ರುಕ್ಕು ಎದ್ದು ಬಂದಳು. ಕರೆದವರಿಲ್ಲ. ಶಾಲೆಯಲ್ಲಿ ನಿಲ್ಲುವ ಹಾಗೆ ನಿಂತು ನಿಧಾನವಾಗಿ ಹೇಳಿದಳು.

"ನನ್ನ ಮನೆ ಗ್ರಾಂಟ್ ರೋಡಿನಲ್ಲಿದೆ. ಎರಡನೇ ಮಹಡಿ, ಹನ್ನೆರಡನೇ ರೂಮು. ಬೇರೆ ಮನೆ ನನಗಿಲ್ಲ."

"ಹಾಗಾದರೆ ಪಟ್ಟಿಯಲ್ಲಿ ನಿಮ್ಮ ಹೆಸರು ಯಾಕಿಲ್ಲ?" ಎಂದು ಜಡ್ಜರು ಗುಮಾಸ್ತರ ಮೂಲಕ ಕೇಳಿದರು.

"ಎಣಿಸೋಕೆ ಬಂದವನಿಗೆ ತುಮಕೂರು ಅಂದೆ, ಹೆದರಿಕೆಯಿಂದ. ಇಲ್ಲಿಯವಳು ಅಂತ ಬರೆಸಿಬಿಟ್ಟರೆ ಅಣ್ಣನ ಮನೆಗೆ ಆಮೇಲೆ ನಾನು ಸಲ್ಲೋದಿಲ್ಲವೇನೋ ಅಂತ. ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗಲಿ? ಅಣ್ಣ ಹಾಗೆ ಹೇಳಿಲ್ಲ. ಬಾ ಅಂತಾನೂ ಹೇಳಿಲ್ಲ. ಇವರೆಲ್ಲರದೂ ಅದೇ ಹೆದರಿಕೆ. ಹೋಗೋಕೆ ಒಂದು ಊರಿದೆ ಅಂತ ಹೇಳ್ತಾ ಇರ್ತೀವಿ, ಹೋಗೋದಿಲ್ಲ. ನಾವು ಇರೋದು ಆ ಓಣಿಯಲ್ಲೇ. ನಮ್ಮನ್ನ ಎರಡು ಮಾಡಬೇಡಿ."

ಗುಮಾಸ್ತರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಒಮ್ಮೆ ಕನ್ನಡದಲ್ಲಿ ಕೇಳಿದ್ದನ್ನು ನಾನು ಇನ್ನೊಮ್ಮೆ ಇಂಗ್ಲಿಷಿನಲ್ಲೂ ಕೇಳಬೇಕಾಯಿತು. ಅಣ್ಣ ಎಂಬ ಮಾತು ಬಂದಾಗ ಜಡ್ಜರು ನನ್ನ ಕಡೆ ನೋಡಿದಂತಿತ್ತು, ಇರಲಿಕ್ಕಿಲ್ಲ. ಊರೆಲ್ಲವನ್ನೂ ಸಂಶಯದಿಂದ ನೋಡುವವನು ನಾನು, ನನ್ನ ತಂಗಿ ನನ್ನನ್ನೇ ಇಷ್ಟು ವರ್ಷದಿಂದ ಸಂಶಯದಿಂದ ನೋಡುತ್ತ ಬಂದಿದ್ದಾಳೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವಳ ಸಂಶಯದಲ್ಲಿ ತಪ್ಪು ಇರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಹನ್ನೆರಡನೇ ರೂಮು

ತೀರ್ಮಾನವನ್ನು ಅಲ್ಲಿಯೇ ಹೇಳಲಿಲ್ಲ. ಕೆಲವು ತಿಂಗಳ ಮೇಲೆ ಗೆಜೆಟ್ಟಿನಲ್ಲಿ ಬಂತೆಂದು ರುಕ್ಕು ಬರೆದಳು. ಅಂಕಿ ಹಾಗೆಯೇ ಉಳಿದರೂ, ಒಂದೇ ವಸತಿಯನ್ನು ಕಾರಣವಿಲ್ಲದೆ ಸೀಳಬಾರದೆಂದು ಗೆರೆಯನ್ನು ಟ್ರಾಮ್ ರಸ್ತೆಗೆ ಸರಿಸಿದ್ದರು. ಗಿರಣಿ ಚಾಳೂ ಒಳಗೇ ಬಂದದ್ದರಿಂದ ದೇಸಾಯರು ನಿಲ್ಲುವ ಯೋಚನೆ ಬಿಟ್ಟರಂತೆ. ಕನ್ನಡ ವರ್ಗ ನಡೆಯುತ್ತಿದೆ. ರಾಜ್ಯಕ್ಕೆ ಬೇರೆ ಕಮಿಷನ್ ಬೇಕೆಂಬ ನಮ್ಮ ಕೋರಿಕೆಯ ಎದುರಿಗೆ 'ಗಮನಿಸಲಾಗಿದೆ' ಎಂದಷ್ಟೇ ಇತ್ತಂತೆ. ಗಮನಿಸಿದವರು ಯಾರು ಎಂದು ನಾನು ಈಗಲೂ ಯೋಚಿಸುತ್ತೇನೆ.

ಆದರೆ ಅಂದು ಸಾಯಂಕಾಲ ನಮಗೆ ಇದೇನೂ ಗೊತ್ತಿರಲಿಲ್ಲ. ಚಾಳಿಗೆ ಹಿಂತಿರುಗಿ ಬಂದು ಇಬ್ಬರೂ ಕಾಫಿ ಕುಡಿಯುತ್ತ ಕುಳಿತಿದ್ದೆವು. ಮರುದಿನ ನನ್ನ ಗಾಡಿ. ಕಾಫಿ ಲೋಟ ಕೆಳಗಿಟ್ಟು ಹೇಳಿದೆ.

"ರುಕ್ಕು, ಬಾಡಿಗೆಯವರನ್ನ ಬಿಡಿಸ್ತೀನಿ. ಮುಂದಿನ ಕೋಣೆ ನಿನ್ನದು. ನೀನು ಬಂದರೂ ಸರಿ, ಬರದಿದ್ದರೂ ಸರಿ."

ಅವಳು ನನ್ನ ಮುಖವನ್ನೇ ನೋಡಿದಳು. ಬೋರಿಬಂದರಿನ ಪೊಲೀಸಿನವನಾದರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ಬರೆದುಕೊಡ್ತೀಯಾ ಅಣ್ಣಯ್ಯ?"

ನಗಬಹುದೇ ಎಂದು ನೋಡಿದೆ. ಅವಳು ನಗುತ್ತಿರಲಿಲ್ಲ. ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದು ಹಾಸಿದೆ. ತುಮಕೂರಿನ ಮನೆಯ ಅಳತೆ ನನಗೆ ಬಾಯಿಪಾಠ. ಹಜಾರ, ನಡುಮನೆ, ಅಡುಗೆಮನೆ, ಹಿತ್ತಿಲು ಎಲ್ಲವನ್ನೂ ಬರೆದು, ಮುಂದಿನ ಕೋಣೆಯ ಸುತ್ತ ದಪ್ಪ ಗೆರೆ ಎಳೆದು, ಒಳಗೆ ಅವಳ ಹೆಸರು ಬರೆದು ಕೆಳಗೆ ರುಜು ಹಾಕಿದೆ. ಅವಳು ಗ್ಯಾಲರಿಗೆ ಹೋಗಿ ದೇಸಾಯರನ್ನೂ ಗಂಗವ್ವನನ್ನೂ ಸಾಕ್ಷಿಗೆ ಕರೆದುಕೊಂಡು ಬಂದಳು. ದೇಸಾಯರು ರುಜು ಮಾಡಿದರು, ಗಂಗವ್ವ ಹೆಬ್ಬೆಟ್ಟು ಒತ್ತಿದಳು.

ರುಕ್ಕು ಹಾಳೆಯನ್ನು ಬೆಳಕಿಗೆ ಹಿಡಿದು, ಮಕ್ಕಳ ಸ್ಲೇಟು ನೋಡುವ ಹಾಗೆ ಮೂಲೆ ಮೂಲೆ ನೋಡಿದಳು. ಆಮೇಲೆ ಅದನ್ನು ನನ್ನ ಮುಂದೆ ಮತ್ತೆ ಇಟ್ಟಳು.

"ಈ ಕೋಣೆಗೆ ಬಾಗಿಲೇ ಇಲ್ಲವಲ್ಲ ಅಣ್ಣಯ್ಯ."

ಮೂವತ್ತು ವರ್ಷ ನಕ್ಷೆ ಬರೆದವನು ನಾನು, ಬಾಗಿಲು ಬರೆಯುವುದನ್ನು ಮರೆತಿದ್ದೆ. ರಬ್ಬರು ತೆಗೆದುಕೊಂಡು ಬೀದಿಯ ಕಡೆಯ ಗೋಡೆಯಲ್ಲಿ ಮೂರಡಿ ಅಳಿಸಲು ಹೋದರೆ ಕಪ್ಪು ಶಾಯಿ ಅಳಿಯಲಿಲ್ಲ. ಅವಳು ಇನ್ನೊಂದು ಹಾಳೆ ತಂದುಕೊಟ್ಟಳು. ನಾನು ಮೊದಲಿನಿಂದ ಬರೆಯಲು ಕುಳಿತೆ, ಈ ಸಲ ಬಾಗಿಲನ್ನೇ ಮೊದಲು ಬರೆದೆ.